ಬೀಜಕ್ಕೆ ಬಿಟ್ಟ ಗೊಂಚಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಬಹಳ ವರ್ಷಗಳಿಂದ ಊರೂರು ತಿರುಗಿ ಪ್ರವಚನ ಹೇಳುತ್ತಿದ್ದೇನೆ. ಜನ ಕಣ್ಣೀರಿಟ್ಟು ಕೇಳುತ್ತಾರೆ. ನನ್ನ ಮಗ ಮಾತ್ರ ನನ್ನೊಡನೆ ಮಾತು ಬಿಟ್ಟಿದ್ದಾನೆ. ಮನೆಯೊಳಗೆ ನನ್ನ ಮಾತು ಏಕೆ ನಾಟಲಿಲ್ಲ?"

ಗುರುಗಳು ಹೇಳಿದರು:

ಬಿಸಿಲುನಾಡಿನಲ್ಲಿ ಒಬ್ಬ ರೈತನಿದ್ದ. ಅವನ ಹೆಂಡತಿ ಮದುವೆಯಾಗಿ ಬರುವಾಗ ತವರಿನಿಂದ ಜವಾರಿ ಟೊಮೇಟೊ ಬೀಜ ತಂದಿದ್ದಳು. ಅವಳ ಅಜ್ಜಿಯ ಕಾಲದ ತಳಿ. ಹಿತ್ತಲಿನ ನೆಲ ಕಾದು ಕಲ್ಲಾಗುತ್ತಿತ್ತು. ಅದಕ್ಕೆ ಅವಳು ಸುತ್ತ ಕಲ್ಲು ಜೋಡಿಸಿ, ಕೆರೆಮಣ್ಣು, ಗೊಬ್ಬರ ತುಂಬಿ ಮೊಣಕಾಲೆತ್ತರದ ಮಡಿ ಕಟ್ಟಿದಳು. ಎತ್ತರದ ಮಡಿ ಬೇಗ ಒಣಗುತ್ತದೆ. ಬೆಳಿಗ್ಗೆ ಸಂಜೆ ನೀರು ಹಾಕಿ, ಬುಡಕ್ಕೆ ಹುಲ್ಲು ಹೊದಿಸಿ, ಮೇಲೆ ಜೋಳದ ದಂಟಿನ ಚಪ್ಪರ ಹಾಕುತ್ತಿದ್ದಳು. ಪ್ರತಿ ವರ್ಷ ಮೊದಲ ಒಳ್ಳೆಯ ಗೊಂಚಲಿಗೆ ಸೀರೆಯ ಚಿಂದಿ ಕಟ್ಟುತ್ತಿದ್ದಳು. ಅದು ಬೀಜಕ್ಕೆ. ಗಂಡ ಕೇಳಿದರೂ ಕೊಡುತ್ತಿರಲಿಲ್ಲ.

ಕೆಲವು ವರ್ಷಗಳ ಬಳಿಕ ಅವಳು ಹಾಸಿಗೆ ಹಿಡಿದಳು. ಮಡಿಗಳ ಕೆಲಸ ರೈತನ ಕೈಗೆ ಬಂತು. ಅವನೇನು ಸೋಮಾರಿಯಲ್ಲ. ನೀರು ತಪ್ಪಿಸಲಿಲ್ಲ, ಚಪ್ಪರ ಬೀಳಗೊಡಲಿಲ್ಲ. ಆದರೆ ಹಣ್ಣು ತಿಂದವರು ಅವನನ್ನು ಹೊಗಳಿ ಅಟ್ಟಕ್ಕೇರಿಸಿದರು. ಹತ್ತಿದವನು ಇಳಿಯಲಿಲ್ಲ. ಬಂದವರಿಗೆಲ್ಲ ಒಳ್ಳೊಳ್ಳೆಯ ಹಣ್ಣನ್ನೇ ಕೊಯ್ದು ಕೊಟ್ಟ. ಒಮ್ಮೆ ದೊಡ್ಡ ಮನುಷ್ಯರೊಬ್ಬರು ಬಂದಾಗ ಚಿಂದಿ ಬಿಚ್ಚಿ ಬೀಜದ ಗೊಂಚಲನ್ನೂ ಕೊಟ್ಟ. ಮುಂದಿನ ವರ್ಷದಿಂದ ಚಿಂದಿ ಕಟ್ಟುವುದನ್ನೇ ಬಿಟ್ಟ. ಬೀಜ ಇಟ್ಟಿರಾ ಎಂದು ಹೆಂಡತಿ ಕೇಳಿದರೆ ಇಟ್ಟಿದ್ದೇನೆ ಎನ್ನುತ್ತಿದ್ದ. ಸುಳ್ಳೇನಲ್ಲ. ಬಿಸಿಲೇರಿ ಹೂವೆಲ್ಲ ಉದುರಿದ ಮೇಲೆ ಗಿಡದಲ್ಲಿ ಉಳಿಯುತ್ತಿದ್ದ ಸುಕ್ಕುಹಣ್ಣಿನಿಂದ ಬೀಜ ಇಡುತ್ತಿದ್ದ. ವರ್ಷ ವರ್ಷಕ್ಕೆ ಹಣ್ಣು ಕುಗ್ಗಿತು, ಸಪ್ಪೆಯಾಯಿತು. ಅವನು ಬಿಸಿಲನ್ನು ಬೈದ.

ಒಂದು ಬೇಸಿಗೆಯಲ್ಲಿ ಅವಳಿಗೆ ಅನ್ನ ಸೇರದಾಯಿತು. ಅವಳು ಬೇಡಿದ್ದು ಇಷ್ಟೇ: "ನಮ್ಮವ್ವನ ಮನಿ ಹಣ್ಣು ಒಂದು ಹೋಳು ಕೊಡ್ರಿ."

ರೈತ ಎಲ್ಲ ಮಡಿಗಳನ್ನೂ ಹುಡುಕಿ, ಇದ್ದುದರಲ್ಲಿ ಒಳ್ಳೆಯದನ್ನು ಹೆಚ್ಚಿ ಅವಳ ಬಾಯಿಗಿಟ್ಟ. ಅವಳು ಬಹಳ ಹೊತ್ತು ಅಗಿದಳು.

"ಇದು ಯಾರ ಮನಿ ಹಣ್ಣರೀ?" ಎಂದಳು.

ಅವಳು ಇನ್ನೊಂದು ಹೋಳು ಕೇಳಲಿಲ್ಲ. ಮಳೆ ಬೀಳುವ ಮೊದಲೇ ತೀರಿಕೊಂಡಳು. ರೈತ ಬೀಜ ಹುಡುಕಿಕೊಂಡು ಅವಳ ತವರಿಗೆ ಹೋದ. ಅಲ್ಲಿ ಆ ತಳಿ ಅಳಿದು ಎಷ್ಟೋ ಕಾಲವಾಗಿತ್ತು. ಹಣ್ಣು ತಿಂದವರ ಮನೆಗಳಿಗೂ ಹೋದ. ರುಚಿ ಎಲ್ಲರಿಗೂ ನೆನಪಿತ್ತು. ಬೀಜ ಯಾರೂ ಇಟ್ಟಿರಲಿಲ್ಲ.

ಕತೆ ಕೇಳಿ ಶಿಷ್ಯನಿಗೆ ಸಂಕಟವಾಯಿತು. ನಾಲ್ಕು ಜನಕ್ಕೆ ಹಂಚಿದ್ದೂ ತಪ್ಪೇ ಎಂದು ಕೇಳಿದ.

ಗುರುಗಳು ಅಂದರು: "ಊರಿಗೆಲ್ಲ ಹಂಚಿ ನೀನು ಮನೆ ಸೇರಿದಾಗ, ಮಗನಿಗೆಂದು ನಿನ್ನಲ್ಲಿ ಎಂಥ ಮಾತು ಉಳಿದಿರುತ್ತಿತ್ತು?"