ಹರಿಗೋಲಿನ ಮುಂಭಾಗ

ಭಾನುವಾರ ಗಾಳ ಹಾಕಿ ಕೂರಲೆಂದು ಜಂಬಯ್ಯ ಬುಟ್ಟಿಯಂಥ ದುಂಡು ಹರಿಗೋಲು ಇಟ್ಟುಕೊಂಡಿದ್ದ. ಅದಕ್ಕೂ ನೋಂದಣಿ ಬೇಕೆಂದರು. ಶುಲ್ಕ ಕಟ್ಟಿದ. ಅರ್ಜಿ ಮೂರು ಸಲ ವಾಪಸ್ ಬಂತು.

"ನಂಬರನ್ನ ದೋಣಿಯ ಮುಂಭಾಗದಲ್ಲೇ ಬರೆಸಬೇಕು. ಮುಂಭಾಗ ಯಾವುದು ಅಂತ ನೀನು ತುಂಬಿಯೇ ಇಲ್ಲ," ಎಂದರು ನೋಂದಣಿ ಕಚೇರಿಯ ಸಾಹೇಬರು.

"ದುಂಡಗಿರೋದಕ್ಕೆ ಮುಂದ್ಯಾವುದು, ಹಿಂದ್ಯಾವುದು ಸಾಹೇಬ್ರೆ?"

"ನಿಯಮ ಅಂದ್ರೆ ನಿಯಮ!"

ಜಂಬಯ್ಯನಿಗೆ ತಲೆ ಕೆಟ್ಟುಹೋಯಿತು. "ಹಂಗಾದ್ರೆ ತಾವೇ ಬಂದು ತೋರಿಸಿಬಿಡಿ," ಎಂದು ಸಾಹೇಬರನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ನಡುಹೊಳೆಗೆ ಹೋದ. ಅಲ್ಲಿ ಹುಟ್ಟು ಹಾಕಿ ಬುಗುರಿಯಂತೆ ಗಿರಗಿರನೆ ತಿರುಗಿಸಿದ.

"ಈಗ ಹೇಳಿ, ಮುಂಭಾಗ ಯಾವುದು?"

ಸಾಹೇಬರು ಅಂಚನ್ನು ತಬ್ಬಿಕೊಂಡು ಕೂಗಿದರು: "ಮುಂಭಾಗ ಹಾಳಾಗ್ಲಿ, ದಡ ಯಾವ ಕಡೆಯಯ್ಯಾ?"

ದಡಕ್ಕಿಳಿದವರೇ ಅರ್ಜಿಯ ಖಾಲಿ ಜಾಗವನ್ನು ತಾವೇ ತುಂಬಿದರು: "ಮುಂಭಾಗ: ಸುತ್ತಲೂ."