ಮುದ್ರೆ ಒಡೆದ ಪೊಟ್ಟಣ

"ಕೇಳಿರಪ್ಪಾ, ಕೇಳಿ. ನೀಲವಂಕದ ದೊರೆಯ ಮಗಳು ಹೊನ್ನಾಂಬೆ ಜ್ವರದಲ್ಲಿ ಮಲಗಿದ್ದಾಳೆ. ಯಾರು ಕೊಟ್ಟ ಔಷಧವನ್ನೂ ಮುಟ್ಟುತ್ತಿಲ್ಲ. ತಾನು ಹೇಳುವ ಮೂರು ಒಗಟು ಬಿಡಿಸಿದವನ ಕೈಯಿಂದ ಮಾತ್ರ ಕುಡಿಯುತ್ತಾಳಂತೆ. ಬಿಡಿಸಿದವನು ಬೇಡಿದ್ದನ್ನು ದೊರೆ ಕೊಡುತ್ತಾರೆ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ."

ಡಂಗುರದವನು ಹೀಗೆ ಸಾರುತ್ತ ಹೋದಾಗ ಬೊಮ್ಮಣ ಅರಮನೆಯ ಔಷಧದ ಮನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದ. ಬೇರು ಕುಟ್ಟುವುದು, ಜರಡಿ ಹಿಡಿಯುವುದು, ತೂಗುವುದು, ಎಲೆಯಲ್ಲಿ ಸುತ್ತಿ ದಾರ ಬಿಗಿಯುವುದು, ಇಷ್ಟೇ ಅವನ ಕೆಲಸ. ಯಾವ ರೋಗಕ್ಕೆ ಯಾವ ಮದ್ದು ಎಂದು ಹೇಳುವವರು ವೈದ್ಯರಾದ ಶಂಭು ಪಂಡಿತರು. ಅಂದು ಅವರು ಒಂದೇ ಬೇರಿನ ಪುಡಿಯಲ್ಲಿ ಎರಡು ಪೊಟ್ಟಣ ಕಟ್ಟಿಸಿದ್ದರು. ಕುವರಿಯದರಲ್ಲಿ ಬೇರು ಚಿಟಿಕೆಯಷ್ಟು, ಮಿಕ್ಕಿದ್ದೆಲ್ಲ ಶುಂಠಿ. ಲಾಯದ ಕುದುರೆಗೆಂದು ಕಟ್ಟಿದ್ದು ಬರೀ ಬೇರು.

"ಅವಳು ಕುಡಿಯಲಿ ಬಿಡಲಿ, ಕಳಿಸುವುದು ನಮ್ಮ ಧರ್ಮ. ಇವತ್ತು ನೀನೇ ಹೋಗಿ ಕೊಟ್ಟು ಬಾರಪ್ಪ" ಎನ್ನುತ್ತ ಪಂಡಿತರು ಎರಡಕ್ಕೂ ಅರಗು ಹಾಕಿ ದೊರೆಯ ಮುದ್ರೆ ಒತ್ತಿದರು.

ಬೊಮ್ಮಣ ಲಾಯದಲ್ಲಿ ಒಂದನ್ನು ಕೊಟ್ಟು ಅರಮನೆಗೆ ಬಂದ. ಬಾಗಿಲ ಭಟ ತಡೆದು, "ಏನಯ್ಯ, ಕುವರಿಗೆ ಔಷಧ ಕೊಡಲು ಬಂದವನೋ?" ಎಂದ.

"ಹೌದಣ್ಣ."

"ಹಾಗಾದರೆ ಒಳಗೆ ಹೋಗಿ ಸಾಲಿನಲ್ಲಿ ಕೂತುಕೋ. ದೇವರು ನಿನಗೆ ಒಳ್ಳೆಯದು ಮಾಡಲಿ."

ಪೊಟ್ಟಣ ಕೊಟ್ಟು ಬರಲು ಇಷ್ಟು ದೊಡ್ಡ ಹರಕೆ ಯಾಕೆಂದು ಬೊಮ್ಮಣನಿಗೆ ತಿಳಿಯಲಿಲ್ಲ. ಹೋಗಿ ಕೂತ. ಅತ್ತ ಒಬ್ಬ ಪಾಳೆಯಗಾರನ ಮಗ, ಇತ್ತ ಒಬ್ಬ ಶಾಸ್ತ್ರಿ. ಎದುರಿಗೆ ದೊರೆ. ಪಕ್ಕದ ಮಂಚದ ಮೇಲೆ ದಿಂಬಿಗೊರಗಿ ಕುವರಿ ಹೊನ್ನಾಂಬೆ.

ಅವಳು ಪಾಳೆಯಗಾರನ ಮಗನನ್ನು ಕೇಳಿದಳು: "ಒಂದೇ ತಾಯಿಯ ಇಬ್ಬರು ಮಕ್ಕಳು. ಒಂದೇ ಮೈಬಣ್ಣ, ಒಂದೇ ಮುಖ. ಒಬ್ಬ ಮನೆ ಉಳಿಸುತ್ತಾನೆ, ಇನ್ನೊಬ್ಬ ಮನೆ ಹಾಳು ಮಾಡುತ್ತಾನೆ. ಯಾರವರು?"

"ದೀಪ ಮತ್ತು ಕಾಳ್ಗಿಚ್ಚು" ಎಂದ ಅವನು, ಮಾತು ಮುಗಿಯುವ ಮೊದಲೇ. ತಲೆ ಕಡಿಯುವ ದಿನದ ತನಕ ಇರಲೆಂದು ಭಟರು ಎರಡೂ ರಟ್ಟೆ ಹಿಡಿದು ಅವನನ್ನು ಸೆರೆಮನೆಗೆ ಎಳೆದೊಯ್ದರು. ಶಾಸ್ತ್ರಿ ಮೀಸೆ ತಿರುವಿ, "ಇದರಲ್ಲೇನಿದೆ? ಪಾಪ, ಪುಣ್ಯ" ಎಂದ. ಅವನನ್ನೂ ಎಳೆದೊಯ್ದರು.

ತಾನು ಎಲ್ಲಿ ಬಂದು ಕೂತಿದ್ದೇನೆಂದು ಬೊಮ್ಮಣನಿಗೆ ಆಗ ಹೊಳೆಯಿತು. ಅದಕ್ಕಿಂತ ಕೆಟ್ಟದ್ದೊಂದು ಅದರ ಬೆನ್ನಿಗೇ ಹೊಳೆಯಿತು. ಲಾಯದಲ್ಲಿ ಕೊಟ್ಟದ್ದು ಯಾವ ಪೊಟ್ಟಣ? ಬಲಗೈಯದೋ, ಎಡಗೈಯದೋ? ಡಂಗುರದ ಸದ್ದಿಗೆ ತಲೆ ಎತ್ತಿದ್ದ, ಪಂಡಿತರ ಮಾತಿಗೆ ಹೂಂಗುಟ್ಟಿದ್ದ. ಆಮೇಲೆ ಯಾವುದನ್ನು ಎಲ್ಲಿಟ್ಟೆ ಎಂದು ನೆನೆದಷ್ಟೂ ಕಲಸಿಹೋಗುತ್ತಿತ್ತು.

"ನಿನ್ನ ಸರದಿ" ಎಂದಳು ಕುವರಿ.

ಬೊಮ್ಮಣ ಎದ್ದು ನಿಂತ. ಬಾಯಲ್ಲಿ ಬಂದದ್ದು ತಲೆಯಲ್ಲಿ ಕೊರೆಯುತ್ತಿದ್ದದ್ದೇ. "ಎರಡೂ ಒಂದೇ ಬೇರು, ತಾಯಿ. ಅಳತೆಯಲ್ಲಿದ್ದರೆ ಔಷಧ, ಮೀರಿದರೆ ವಿಷ."

ಕುವರಿ ನೆಟ್ಟಗೆ ಕೂತಳು. ಸರಿ ಹೇಳಿದೆನೆಂದು ಅವನಿಗೆ ಗೊತ್ತಾಗಲೇ ಇಲ್ಲ.

"ಇನ್ನೊಂದು ಕೇಳು. ಅದಕ್ಕೆ ಎರಡು ಹೊಟ್ಟೆ, ಉಣ್ಣುವುದಿಲ್ಲ. ಒಂದು ನಾಲಿಗೆ, ಸುಳ್ಳಾಡುವುದಿಲ್ಲ. ದೊರೆಗೆ ತಲೆಬಾಗದ್ದು ಒಂದು ಗುಲಗಂಜಿಗೆ ಬಾಗುತ್ತದೆ."

"ತಕ್ಕಡಿ" ಎಂದ ಬೊಮ್ಮಣ. ದಿನವೂ ಹಿಡಿಯುವುದು, ಬೇರೇನಿದ್ದೀತು?

ಸಭೆಯಲ್ಲಿ ಗುಜುಗುಜು ಎದ್ದಿತು. ದೊರೆ ಮುಂದಕ್ಕೆ ಬಾಗಿದರು. ಕುವರಿ ಮೆಲ್ಲಗೆ ಕೇಳಿದಳು: "ಅದು ಕರೆಯದೆ ಬರುತ್ತದೆ, ಅಟ್ಟಿದರೂ ತಿರುಗಿ ಬರುತ್ತದೆ. ಅದಿದ್ದವನಿಗೆ ನೆಮ್ಮದಿ ಇಲ್ಲ. ಅದಿಲ್ಲದವನ ಕೈಗೆ ಸಿಕ್ಕವರಿಗೆ ಉಳಿವಿಲ್ಲ. ಏನದು?"

ಬೊಮ್ಮಣನಿಗೆ ಒಗಟು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಬಾಯಿ ಬಿಟ್ಟರೆ ತಲೆ ಹೋಗುತ್ತದೆ. ಬಿಡದಿದ್ದರೆ, ಈ ಪೊಟ್ಟಣ ಕುದುರೆಯದಾಗಿದ್ದರೆ, ಮಂಚದ ಮೇಲಿನ ಹುಡುಗಿ ನಾಳೆ ಇರುವುದಿಲ್ಲ. ಅವನು ಪೊಟ್ಟಣವನ್ನು ನೆಲದ ಮೇಲಿಟ್ಟು ಕೈಮುಗಿದ.

"ನನ್ನನ್ನು ಏನು ಬೇಕಾದರೂ ಮಾಡಿ, ಬುದ್ಧಿ. ನನಗೊಂದು ಅನುಮಾನ. ಇದು ಕುವರಿಯದೋ ಕುದುರೆಯದೋ ತಿಳಿಯದು. ಲಾಯಕ್ಕೆ ಯಾರನ್ನಾದರೂ ಓಡಿಸಿ, ಕುದುರೆಗೆ ಹಾಕಬೇಡಿ ಅನ್ನಿ. ಇದನ್ನು ಬಿಚ್ಚಿ ನೋಡಲು ಅಪ್ಪಣೆ ಕೊಡಿ."

"ಮುದ್ರೆ ಒಡೆದವನ ಕೈ ಕಡಿಸುತ್ತೇವೆ, ಗೊತ್ತೇ?" ಎಂದರು ದೊರೆ.

"ಗೊತ್ತು, ಬುದ್ಧಿ."

ಅಪ್ಪಣೆಗೆ ಕಾಯದೆ ಅವನು ಅರಗು ಒಡೆದ. ಒಂದು ಕಣ ನಾಲಿಗೆಯ ತುದಿಗಿಟ್ಟುಕೊಂಡ. ಶುಂಠಿಯ ಖಾರ ಚುರ್ರೆಂದಿತು.

"ಸರಿಯಾಗೇ ಇದೆ. ಸುಮ್ಮನೆ ಹೆದರಿದೆ" ಎಂದು ತಲೆ ತಗ್ಗಿಸಿದ. "ಒಗಟಿಗೆ ನನ್ನಲ್ಲಿ ಉತ್ತರ ಇಲ್ಲ, ತಾಯಿ."

"ಆಗಲೇ ಹೇಳಿದೆಯಲ್ಲ" ಎಂದಳು ಕುವರಿ. "ಅನುಮಾನ."

ಅವನು ಪಿಳಿಪಿಳಿ ನೋಡಿದ. ಕುವರಿ ತಂದೆಯತ್ತ ತಿರುಗಿದಳು. "ಅಮ್ಮ ಸತ್ತದ್ದು ಅದಲುಬದಲಾದ ಪೊಟ್ಟಣದಿಂದ, ಅಪ್ಪಾಜಿ. ಇವನಿಗಿಂತ ಮೊದಲು ಪೊಟ್ಟಣ ಕಟ್ಟುತ್ತಿದ್ದವನಿಗೆ ಅನುಮಾನ ಬಂದಿತ್ತು. ನಿಮ್ಮ ಮುದ್ರೆಗೆ ಹೆದರಿ ಬಾಯಿ ಮುಚ್ಚಿಕೊಂಡ. ಆಮೇಲೆ ನನ್ನ ಮುಂದೆ ಅತ್ತ. ಹೆದರಿಕೆಯಲ್ಲೂ ಹೇಳುವವನೊಬ್ಬ ಬೇಕಾಗಿತ್ತು ನನಗೆ. ಸೆರೆಯಲ್ಲಿರುವವರನ್ನು ಬಿಟ್ಟುಬಿಡಿ."

ದೊರೆ ಒಡೆದ ಅರಗಿನ ಚೂರೊಂದನ್ನು ಹೆಕ್ಕಿ ನೋಡಿದರು. ಆಮೇಲೆ ಹೂಂ ಎಂದು ತಲೆಯಾಡಿಸಿದರು. ಬೊಮ್ಮಣ ಪುಡಿಯನ್ನು ಜೇನಿನಲ್ಲಿ ಕಲಸಿ ಕೊಟ್ಟ. ಹೊನ್ನಾಂಬೆ ಮುಖ ಕಿವುಚಿಕೊಂಡು ನೆಕ್ಕಿದಳು. ಹುಣ್ಣಿಮೆಯ ಹೊತ್ತಿಗೆ ಎದ್ದು ಓಡಾಡಿದಳು.

"ಬೇಡಿಕೋ" ಎಂದರು ದೊರೆ. "ಊರು ಬೇಕೋ, ಆನೆ ಬೇಕೋ?"

ಬೊಮ್ಮಣ ಗಲಿಬಿಲಿಗೊಂಡ. ಊರು ತೆಗೆದುಕೊಂಡು ಏನು ಮಾಡುವುದು? ಆನೆಯನ್ನು ಕಟ್ಟುವುದಾದರೂ ಎಲ್ಲಿ? ಕೊನೆಗೆ, "ನಾನು ತೂಗುವಾಗ ಯಾರೂ ಮಾತಾಡಿಸಬಾರದು, ಬುದ್ಧಿ" ಎಂದ.

ದೊರೆ ನಕ್ಕು ಹಾಗೇ ಅಪ್ಪಣೆ ಹೊರಡಿಸಿದರು, ಜೊತೆಗೊಂದು ಮನೆಯನ್ನೂ ಕೊಟ್ಟರು. ಮರುವರ್ಷ ಚಳಿಗಾಲದಲ್ಲಿ ಅವರಿಗೇ ಕೆಮ್ಮು ಹತ್ತಿತು. ಔಷಧದ ಮನೆಗೆ ತಾವೇ ನಡೆದು ಬಂದರು. ಬೊಮ್ಮಣ ತಕ್ಕಡಿ ಎತ್ತಿ ಹಿಡಿದಿದ್ದ. ದೊರೆ ಹೊಸ್ತಿಲಲ್ಲೇ ನಿಂತು, ಉತ್ತರೀಯದ ತುದಿಯನ್ನು ಬಾಯಿಗೊತ್ತಿಕೊಂಡು, ಮುಳ್ಳು ನಿಲ್ಲುವ ತನಕ ಕೆಮ್ಮನ್ನು ತಡೆದುಕೊಂಡರು.