ಕಡವಿನ ಹಳೇ ಮೋಟಾರು

ಗಂಗೊಳ್ಳಿಯ ಶೀನ ಖಾರ್ವಿ ಜನರನ್ನು ಹೊಳೆ ದಾಟಿಸಲು ನಡೆಸುತ್ತಿದ್ದ ಕಡವಿನ ದೋಣಿಯ ಹಳೇ ಮೋಟಾರು ನಡುಹೊಳೆಯಲ್ಲಿ ಗೊರಗುಟ್ಟಿ ನಿಂತುಹೋಯಿತು. ಇಳಿತದ ನೀರು ದೋಣಿಯನ್ನು ಕಡಲಿನ ಬಾಯಿಗೆ ಎಳೆಯತೊಡಗಿತು. ನಿಂತದ್ದಾದರೂ ಯಾರೆದುರು? ಪರವಾನಗಿ ತಪಾಸಣೆಗೆ ಬಂದ ಸಾಹೇಬರೆದುರು. ಅವರು ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಮೂಗಿಗೆ ಕರವಸ್ತ್ರ ಒತ್ತಿ ಕೂತಿದ್ದರು.

“ಇನ್ನು ಮೂರೇ ಎಳೆತ. ಹೊರಡದಿದ್ದರೆ ನಿನ್ನ ಪರವಾನಗಿ ರದ್ದು,” ಎಂದರು.

ಶೀನ ಮೋಟಾರಿನ ಹಗ್ಗ ಎಳೆದ. ಇಲ್ಲ. ಮತ್ತೆ ಎಳೆದ. ಇಲ್ಲ. ಅಷ್ಟರಲ್ಲಿ ಟ್ಯಾಂಕಿನ ಮುಚ್ಚಳದ ಮೇಲೆ ಅವನ ಕಣ್ಣು ಬಿತ್ತು, ಸಂಗತಿ ತಿಳಿದುಹೋಯಿತು. ಆದರೆ ದೊಡ್ಡವರ ತಪ್ಪನ್ನು ನಾವು ಹೇಳಿದರೆ ನಷ್ಟ, ಅವರೇ ಹೇಳಿದರೆ ಲಾಭ.

“ಹ್ವಾಯ್ ಸಾಯ್ಬ್ರೇ, ಪೆಟ್ರೋಲ್ ವಾಸ್ನೆ ಇನ್ನೂ ಬತ್ತಾ?”

ಸಾಹೇಬರು ಹೆಮ್ಮೆಯಿಂದ ಕರವಸ್ತ್ರ ಇಳಿಸಿದರು. “ಎಲ್ಲಿ ಬರುತ್ತೆ? ಮುಚ್ಚಳದ ಮೇಲಿನ ತಿರುಪು ಸಡಿಲ ಇತ್ತು. ನಾನೇ ಬಿಗಿ ಮಾಡಿದೆ. ನಿಮಗೆ ಅಷ್ಟೂ ಗೊತ್ತಾಗಲ್ಲ.”

ಮೀನಿನ ಬುಟ್ಟಿ ಹಿಡಿದು ಕೂತಿದ್ದ ಆರು ಹೆಂಗಸರೂ ಅದನ್ನು ಕೇಳಿಸಿಕೊಂಡರು. ಶೀನನಿಗೆ ಅಷ್ಟೇ ಬೇಕಿತ್ತು.

“ಅದು ಮೋಟಾರಿನ ಮೂಗು, ಸಾಯ್ಬ್ರೇ. ಅಲ್ಲಿಂದ ಗಾಳಿ ಒಳಗೆ ಹೋದ್ರೇ ಪೆಟ್ರೋಲ್ ಹೊರಗೆ ಬಪ್ಪುದು. ನೀವು ನಿಮ್ಮ ಮೂಗು ಮುಚ್ಚಿದ್ರೆ ಸಾಕಿತ್ತು.”

ಹೆಂಗಸರ ನಗೆಗೆ ಬುಟ್ಟಿಯ ಮೀನೂ ಕುಣಿಯಿತು. ಶೀನ ತಿರುಪು ಸಡಿಲಿಸಿದ. ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡಿತು. ಪೆಟ್ರೋಲ್ ಕೊಳವೆಯ ರಬ್ಬರ್ ಚೆಂಡನ್ನು ನಾಲ್ಕು ಸಲ ಹಿಚುಕಿ, ಮೂರನೆಯ ಎಳೆತ ಎಳೆದ. ಮೋಟಾರು ಗುಡುಗಿತು, ದೋಣಿ ದಡದತ್ತ ಹಾರಿತು.

ದಡ ಮುಟ್ಟಿದ ಮೇಲೆ ಸಾಹೇಬರು ಪರವಾನಗಿಗೆ ಸಹಿ ಹಾಕಿದರು. ವಾಪಸು ಬರುವಾಗ ಟ್ಯಾಂಕಿನಿಂದ ದೂರ, ದೋಣಿಯ ಆ ತುದಿಯಲ್ಲಿ ಕೂತರು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು.